ಡಬ್ಬಿಯ ಸಮೇತ ಕೊಡುತ್ತೀರಾ?

ನಮ್ಮ ಕೊಟ್ಟಿಗೆಯಲ್ಲಿ ಈಗ ಎರಡು ಆಕಳು, ಒಂದು ಕರು, ಒಂದು ಲೇತ್ ಇವೆ. ಅಪ್ಪಯ್ಯನ ಕಾಲದಲ್ಲಿ ಹನ್ನೊಂದು ಜಾನುವಾರು ಕಟ್ಟುತ್ತಿದ್ದ ಜಾಗ ಅದು. ಹುಲ್ಲು, ಸೊಪ್ಪು ಹೊರುವವರು ಇಲ್ಲದಾದ ಮೇಲೆ ಒಂದೊಂದೇ ಕಡಿಮೆಯಾಗಿ ಅರ್ಧ ಕೊಟ್ಟಿಗೆ ಖಾಲಿ ಬಿದ್ದಿತ್ತು. ಆ ಅರ್ಧಕ್ಕೆ ಅಡ್ಡಗೋಡೆ ಎಬ್ಬಿಸಿ, ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ನನ್ನ ಕಬ್ಬಿಣದ ಸಂಸಾರ ಹೂಡಿದ್ದೇನೆ. ಲೇತ್ ಎಂದರೆ ಕಬ್ಬಿಣದ ತುಂಡನ್ನು ಗಿರಗಿರ ತಿರುಗಿಸುತ್ತ ಉಳಿಯಿಂದ ಸುಲಿಯುವ ಯಂತ್ರ. ಯಾರಾದರೂ ಮನೆಗೆ ಬಂದು ನನ್ನನ್ನು ಕೇಳಿದರೆ ಆಯಿ ಇಂದಿಗೂ "ಕೊಟ್ಟಿಗೆಯಲ್ಲಿದ್ದಾನೆ" ಎಂದೇ ಹೇಳುತ್ತಾಳೆ. ಬಂದವರು ನಾನು ಹಾಲು ಕರೆಯುತ್ತಿದ್ದೇನೆ ಎಂದುಕೊಂಡು ಜಗಲಿಯಲ್ಲಿ ಕಾಯುತ್ತಾರೆ.

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿಯುವುದಕ್ಕೆ ಸಾಕಷ್ಟು ಮೊದಲು ಎಡಕ್ಕೆ ಹೊರಳಿದರೆ ನಮ್ಮೂರು. ಎರಡೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ನಾನು ಓದಿದ್ದು ಬಿ.ಕಾಂ. ಐಟಿಐ ಮೆಟ್ಟಿಲು ಹತ್ತಿದವನಲ್ಲ. 2019ರ ಕೊಯ್ಲಿನ ಹೊತ್ತಿಗೆ ಅಡಿಕೆ ಸುಲಿಯುವ ಯಂತ್ರದ ಶಾಫ್ಟ್ ತುಂಡಾಯಿತು. ಹೆಬ್ಬೆರಳು ದಪ್ಪ, ಗೇಣುದ್ದ. ಅದರಂತೆಯೇ ಇನ್ನೊಂದನ್ನು ಮಾಡಿಕೊಡಲು ಪೇಟೆಯ ಒಂದು ವರ್ಕ್‌ಶಾಪಿನವರು ಹದಿನಾಲ್ಕು ದಿನ ತೆಗೆದುಕೊಂಡರು. ಅಷ್ಟರಲ್ಲಿ ಅಂಗಳದಲ್ಲಿ ರಾಶಿ ಬಿದ್ದಿದ್ದ ಹಸಿ ಅಡಿಕೆಯನ್ನು ಮನೆಮಂದಿಯೆಲ್ಲ ರಾತ್ರಿ ಕುಳಿತು ಮೆಟ್ಟುಗತ್ತಿಯಲ್ಲಿ ಸುಲಿದು, ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಹದಿನೈದನೆಯ ದಿನ ಶಾಫ್ಟ್ ಬಂತು. ಮಾಡುವುದಕ್ಕೆ ಹಿಡಿದದ್ದು ನಲವತ್ತು ನಿಮಿಷವಂತೆ. ಆ ನಲವತ್ತು ನಿಮಿಷದ ಲೆಕ್ಕ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಹೊಸ ಲೇತಿನ ದರ ವಿಚಾರಿಸಿದೆ. ನಾಲ್ಕೂವರೆ ಅಡಿಯ ಹಗುರದ್ದಕ್ಕೆ ಹುಬ್ಬಳ್ಳಿಯಲ್ಲಿ ಹೇಳಿದ್ದು ಒಂದೂಕಾಲು ಲಕ್ಷ, ಮೇಲೆ ಶೇ. 18 ಜಿಎಸ್‌ಟಿ. ಮನೆಯಲ್ಲಿ ಈ ಅಂಕಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಹಳೆಯದನ್ನು ಹುಡುಕುವ ಹುಚ್ಚು ಹಿಡಿದದ್ದು ಹೀಗೆ.

ಮೊದಲು ಮಾಡಿದ್ದು ದಡ್ಡತನ. 2020ರ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಹಳೆ ಯಂತ್ರ ಮಾರುವ ಒಬ್ಬರಿಂದ ಏಳೂವರೆ ಸಾವಿರಕ್ಕೆ ಒಂದು ಡ್ರಿಲ್ಲಿಂಗ್ ಮಷಿನ್ ತಂದೆ. ಎಳೆ ಬಾಳೆಎಲೆಯಂತೆ ಹಸಿರು ಬಣ್ಣ ಬಳಿದುಕೊಂಡು ಹೊಳೆಯುತ್ತಿತ್ತು. ಮನೆಗೆ ತಂದು 12 ಮಿಲಿಮೀಟರಿನ ಬಿಟ್ ಹಾಕಿ ತೂತು ಕೊರೆದರೆ 13 ಮಿಲಿಮೀಟರಿನ ತೂತು ಬೀಳುತ್ತಿತ್ತು, ಅದೂ ಮೊಟ್ಟೆಯಾಕಾರದಲ್ಲಿ. ಬಣ್ಣವನ್ನು ಕೆರೆದು ನೋಡಿದೆ. ಒಳಗೆ ಪುಟ್ಟಿ. ಪುಟ್ಟಿಯನ್ನು ಕೆರೆದರೆ ಎರಕದ ಕಬ್ಬಿಣಕ್ಕೆ ಅಡ್ಡಲಾಗಿ ಒಂದು ವೆಲ್ಡಿಂಗ್ ಗಾಯ. ಯಾವಾಗಲೋ ಕೆಳಗೆ ಬಿದ್ದು ಕುತ್ತಿಗೆ ಮುರಿದುಕೊಂಡ ಯಂತ್ರ ಅದು. ಆರು ತಿಂಗಳ ನಂತರ ತೂಕಕ್ಕೆ ಹಾಕಿದೆ. ಅಂದಿನಿಂದ ಹೊಸ ಬಣ್ಣದ ಹಳೆ ಯಂತ್ರ ಕಂಡರೆ ಬೆರಳು ತಾನಾಗಿಯೇ ಉಗುರಿನಿಂದ ಕೆರೆಯಲು ಹೋಗುತ್ತದೆ. ಎಣ್ಣೆಜಿಡ್ಡು, ಧೂಳು, ಜೇಡರಬಲೆ ಇದ್ದರೆ ನೆಮ್ಮದಿ. ಜಿಡ್ಡು ಮೆತ್ತಿಕೊಂಡ ಯಂತ್ರಕ್ಕೆ ಕೊನೆಯ ದಿನದವರೆಗೂ ಯಾರೋ ಎಣ್ಣೆ ಹಾಕಿದ್ದಾರೆ ಎಂದು ಅರ್ಥ.

ಡ್ರಿಲ್ಲಿಂಗ್ ಮಷಿನ್ನನ್ನು ತೂಕಕ್ಕೆ ಹಾಕಲು ಹೋದ ದಿನವೇ ಒಂದು ಲಾಭವೂ ಆಯಿತು. ಶಿರಸಿಯ ಆ ಗುಜರಿ ಅಂಗಡಿಯಲ್ಲಿ ಹಳೆ ಪಂಪಿನ ಕೇಸಿಂಗುಗಳ ಅಡಿಯಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಆರು ಇಂಚಿನ ಬೆಂಚ್ ವೈಸ್ ಒಂದರ ಬಾಲ ಕಂಡಿತು. ಅಂಗಡಿಯ ಸಾಹೇಬರು ಎಳೆಸಿ ತೂಗಿಸಿದರು. 22 ಕಿಲೋ, ಕಿಲೋಗೆ ನಲವತ್ತೈದರಂತೆ 990 ರೂಪಾಯಿ. "ಭಟ್ಟರೇ, ಇದು ಕಬ್ಬಿಣದ ದರ ಅಲ್ಲ, ನಿಮ್ಮ ಕಣ್ಣು ಹೊಳೆದ ದರ" ಎಂದರು. ನಾನು ಭಟ್ಟನಲ್ಲ, ಹೆಗಡೆ. ಆದರೆ ಗುಜರಿಯವರ ಎದುರು ಕಣ್ಣು ಹೊಳೆಯಿಸಬಾರದು ಎಂಬುದನ್ನು ಅವರೇ ಕಲಿಸಿಕೊಟ್ಟ ಹಾಗಾಯಿತು.

ಸರಕಾರಿ ಹರಾಜಿನ ರುಚಿಯನ್ನೂ ನೋಡಿದ್ದೇನೆ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ. "ಇದ್ದಲ್ಲಿಯೇ, ಇದ್ದ ಸ್ಥಿತಿಯಲ್ಲಿಯೇ" ಎಂಬುದು ಅಲ್ಲಿಯ ಮಂತ್ರ. ಒಂದು ಒಳ್ಳೆಯ ಗ್ರೈಂಡಿಂಗ್ ಮಷಿನ್ ಬೇಕೆಂದರೆ ಅದರ ಜೊತೆ ಅದೇ ಲಾಟಿನಲ್ಲಿರುವ ನಲವತ್ತು ಮುರಿದ ಕುರ್ಚಿ, ಸುಟ್ಟ ಟ್ಯೂಬ್‌ಲೈಟಿನ ಪಟ್ಟಿ, ಹಂದಿಯ ಗೂಡಿನಂಥ ಕಬ್ಬಿಣದ ಪಂಜರ ಎಲ್ಲವನ್ನೂ ಎತ್ತಬೇಕು. ಠೇವಣಿ ಕಟ್ಟಿ ಹೋದರೆ ಅಲ್ಲಿ ಬಂದಿದ್ದ ಐದಾರು ಗುಜರಿ ವ್ಯಾಪಾರಿಗಳು ಪರಸ್ಪರ ನೋಡಿ ನಕ್ಕರು. ನನಗೆ ಅರ್ಥವಾಯಿತು, ಚಹಾ ಕುಡಿದು ಬಂದೆ.

ಮೊಬೈಲಿನಲ್ಲಿ ಹುಡುಕುವುದಂತೂ ರಾತ್ರಿಯ ಚಟವಾಯಿತು. ನಮ್ಮ ರಾಜ್ಯದಲ್ಲಿ ಹಳೆ ಲೇತ್ ಹುಡುಕುವವನ ಕಿವಿಗೆ ಮೊದಲು ಬೀಳುವುದು ಎರಡು ಹೆಸರು: 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ. ಹರಿಹರದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು, ಆದರೂ ಅದರ 'ಎಂಟರ್‌ಪ್ರೈಸ್' ಲೇತಿನ ಹೆಸರೆತ್ತಿದರೆ ಹಳೆ ಟರ್ನರುಗಳ ದನಿ ಬದಲಾಗುತ್ತದೆ. ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ದಲ್ಲಾಳಿಗಳು ಇವುಗಳ ಚಿತ್ರ ಕಳಿಸುತ್ತಲೇ ಇದ್ದರು. ನೋಡಿ ಬಾಯಲ್ಲಿ ನೀರೂರುತ್ತಿತ್ತು. ಆದರೆ ಟನ್ನುಗಟ್ಟಲೆ ತೂಗುವ ಅಂಥ ಯಂತ್ರವನ್ನು ನಮ್ಮ ಮನೆಯ ಸಂಕದ ಮೇಲೆ ದಾಟಿಸುವುದು ಹೇಗೆ? ಸಂಕ ನಾಲ್ಕು ಅಡಿಕೆ ಮರದ್ದು. ನನಗೆ ತಕ್ಕದ್ದು ಪಂಜಾಬಿನ ಬಟಾಲಾ, ಲುಧಿಯಾನ, ಗುಜರಾತಿನ ರಾಜಕೋಟ್ ಕಡೆಗಳಿಂದ ಬರುವ ಹಗುರ ಲೇತ್. ಹಗುರ ಎಂದರೂ ನಾಲ್ಕೂವರೆ ಕ್ವಿಂಟಲ್. ಇಲ್ಲಿ ಹೊಸಬರಿಗೆ ಒಂದು ಮಾತು: ನಾಲ್ಕೂವರೆ ಅಡಿ ಎಂಬುದು ಬೆಡ್ಡಿನ, ಅಂದರೆ ಲೇತಿನ ತಳದ ಹಳಿಯ ಉದ್ದ. ಕೆಲಸವನ್ನು ತಿರುಗಿಸುವ ತಲೆ, ಆಚೆ ತುದಿಯಲ್ಲಿ ಅದಕ್ಕೆ ಆನಿಕೆ ಕೊಡುವ ಬಾಲ ಎರಡೂ ಅದರ ಮೇಲೆಯೇ ಕುಳಿತಿರುವುದರಿಂದ ನಡುವೆ ಹಿಡಿಸುವ ಕೆಲಸ ಎರಡಡಿಯ ಮೇಲೆ ತುಸು ಮಾತ್ರ.

ಎರಡು ವರ್ಷ ಮೊಬೈಲ್ ತಿಕ್ಕಿದರೂ ಸಿಗದ ಲೇತ್ ಕೊನೆಗೆ ಸಿಕ್ಕಿದ್ದು ಕುಮಟಾದ ಬೇರಿಂಗ್ ಅಂಗಡಿಯ ಮಾತಿನಲ್ಲಿ. ಯಾರು ಹೊಸ ವರ್ಕ್‌ಶಾಪ್ ತೆರೆಯುತ್ತಿದ್ದಾರೆ, ಯಾರಿಗೆ ವಯಸ್ಸಾಯಿತು, ಯಾರ ಮಗ ದುಬೈಗೆ ಹೋದ, ಇವೆಲ್ಲ ಬೇರಿಂಗ್ ಮಾರುವವನಿಗೂ ಮೋಟಾರ್ ರಿವೈಂಡಿಂಗ್ ಮಾಡುವವನಿಗೂ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪಂಪಿಗೆ ಬೇರಿಂಗ್ ಕೊಳ್ಳಲು ಹೋದಾಗ ಸುಮ್ಮನೆ ಕೇಳಿದೆ. "ತದಡಿಯಲ್ಲಿ ಒಬ್ಬರು ಆಚಾರಿ ಇದ್ದಾರೆ, ಬೋಟಿನ ಕೆಲಸದವರು. ದೊಡ್ಡ ಲೇತ್ ಮಾರಿದರಂತೆ. ಸಣ್ಣದು ಇನ್ನೂ ಇರಬೇಕು" ಎಂದರು.

ಅಂದೇ ಮಿರ್ಜಾನ, ಮಾದನಗೇರಿ ದಾಟಿ ತದಡಿಗೆ ಹೋದೆ. ಹೋದದ್ದು 2022ರ ಜೂನ್ ಎರಡನೆಯ ವಾರ, ಸುರಿಯುವ ಮಳೆಯಲ್ಲಿ. ಘಟ್ಟದ ಮೇಲಿನವನ ಬುದ್ಧಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ವರ್ಷದ ರಿಪೇರಿಯೆಲ್ಲ ಆಗ. ಆಚಾರಿಯವರ ಶೆಡ್ಡಿನ ಮುಂದೆ ಬೋಟಿನ ಶಾಫ್ಟುಗಳು ಸೌದೆಯಂತೆ ಒಟ್ಟಿದ್ದವು. ವಯಸ್ಸಾಗಿದ್ದರೂ ಹಳೆ ಗಿರಾಕಿಗಳನ್ನು ಬಿಡಲಾಗದೆ ಕೊನೆಯ ಮಳೆಗಾಲ ಎಂದು ದುಡಿಯುತ್ತಿದ್ದರು. ನಾನು ಲೇತಿನ ಮಾತು ತೆಗೆದದ್ದೇ ತಡ, ತಲೆಯೆತ್ತದೆ "ಹೆಗಡೆಯವರೇ, ನಿಮ್ಮ ತೋಟಕ್ಕೆ ಕೊಳೆ ಬಂದಾಗ ನಾನು ಬಂದು ಅಡಿಕೆ ಮರ ಕೊಡಿ ಎಂದರೆ ಹೇಗಿರುತ್ತದೆ? ಚೌತಿ ಕಳೆದ ಮೇಲೆ ಬನ್ನಿ" ಎಂದರು. ಚೌತಿ ಕಳೆದ ಮೇಲೆ ಹೋದೆ.

ಲೇತ್ ಶೆಡ್ಡಿನ ಮೂಲೆಯಲ್ಲಿತ್ತು. ಬಟಾಲಾದ್ದು. ಮೆಟ್ಟಿಲಿನಂಥ ಪುಲ್ಲಿಗೆ ಚರ್ಮದ ಚಪ್ಪಟೆ ಬೆಲ್ಟ್, ಕೆಲಸವನ್ನು ಕಚ್ಚಿ ತಿರುಗಿಸುವ ಮೂರು ದವಡೆಯ ಚಕ್, ಮೇಲೆ ಕಪ್ಪು ಜಿಡ್ಡಿನ ಕಂಬಳಿ. ನಾನು ಚೀಲದಿಂದ ಒಂದು ಸೀಮೆಎಣ್ಣೆ ಬಾಟಲಿ, ಹಳೆ ಬನಿಯನ್ ಬಟ್ಟೆ, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್, ಅದರ ಅಯಸ್ಕಾಂತದ ಸ್ಟ್ಯಾಂಡ್, ಮೈಕ್ರೋಮೀಟರ್, ಎರಡಡಿಯ ಹಲಸಿನ ರೀಪು ಒಂದೊಂದಾಗಿ ಹೊರತೆಗೆದೆ. ಆಚಾರಿಯವರು ಬೀಡಿ ಹಚ್ಚಿ ಕುಳಿತರು. "ಹೆಣ್ಣು ನೋಡಲು ಬಂದವರ ಹಾಗೆ ಬಂದಿದ್ದೀರಿ" ಎಂದರು.

ಮೊದಲು ಬೆಡ್. ಸೀಮೆಎಣ್ಣೆಯಿಂದ ಒರೆಸಿ, ಚಕ್ಕಿನ ಹತ್ತಿರದ ಒಂದಡಿಯಲ್ಲಿ ಉಗುರನ್ನು ಅಡ್ಡ ಎಳೆದೆ. ಯಾವ ಲೇತಾದರೂ ಸವೆಯುವುದು ಅಲ್ಲಿಯೇ, ಕೆಲಸವೆಲ್ಲ ನಡೆಯುವುದು ಅಲ್ಲಿ. ಉಗುರಿಗೆ ಸಣ್ಣ ಮೆಟ್ಟಿಲು ತಾಗಿತು. ಎಷ್ಟು ಸವೆದಿದೆ ಎಂದು ತಿಳಿಯಲು ಅಳತೆಯ ಉಪಕರಣವೂ ಬೇಡ. ಉಳಿಯನ್ನು ಹೊತ್ತು ಬೆಡ್ಡಿನ ಮೇಲೆ ಓಡಾಡುವ ಸ್ಯಾಡಲ್ಲಿನ ಅಡಿಯ ಪಟ್ಟಿಯ ಸ್ಕ್ರೂಗಳನ್ನು ಚಕ್ಕಿನ ಬಳಿ ತುಸು ಬಿಗಿ ಮಾಡಿ, ಕೈಚಕ್ರದಿಂದ ಅದನ್ನು ಬಾಲದ ಕಡೆಗೆ ಒಯ್ಯುತ್ತ ಹೋದರೆ ಸಾಕು. ಸವೆಯದ ಭಾಗಕ್ಕೆ ಬಂದಾಗ ಅದು ಬಿಗಿದುಕೊಳ್ಳುತ್ತದೆ. ಇದು ಒಂದೂವರೆ ಅಡಿ ಸಾಗಿದ ಮೇಲೆ ಕೈಗೆ ಭಾರವಾಯಿತು, ನಿಲ್ಲಲಿಲ್ಲ. ನನ್ನ ಕೆಲಸಗಳೆಲ್ಲ ಒಂದು ಗೇಣಿನವು. ಅಷ್ಟು ಸಣ್ಣ ಅಂತರದಲ್ಲಿ ಸವೆತ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಮನಸ್ಸಿನಲ್ಲಿ ಪಾಸು ಮಾಡಿದೆ, ಮುಖದ ಮೇಲೆ ತೋರಿಸಲಿಲ್ಲ.

ನಂತರ ಸ್ಪಿಂಡಲ್, ಅಂದರೆ ಚಕ್ಕನ್ನು ತಿರುಗಿಸುವ ಅಚ್ಚು. ಡಯಲ್ ಗೇಜಿನ ಮೂತಿಯನ್ನು ಸ್ಪಿಂಡಲ್ಲಿನ ಮೇಲಿಟ್ಟು, ಹಲಸಿನ ರೀಪನ್ನು ಚಕ್ಕಿನಲ್ಲಿ ಕಚ್ಚಿಸಿ ಮೇಲಕ್ಕೆ ಮೀಟಿದೆ. ಮುಳ್ಳು ನಾಲ್ಕು ಗೆರೆ ಹಾರಿತು, ಅಂದರೆ 0.04 ಮಿಲಿಮೀಟರ್. ನಾನು ತಲೆ ತುರಿಸಿಕೊಳ್ಳುವಷ್ಟರಲ್ಲಿ ಆಚಾರಿಯವರು ಎದ್ದು ಬಂದು, ಬೀಡಿ ಬಾಯಲ್ಲಿಯೇ ಇಟ್ಟುಕೊಂಡು, ಸ್ಪಿಂಡಲ್ಲನ್ನು ಹೊರುವ ಕಂಚಿನ ಬುಷ್ಷಿನ ನಟ್ಟನ್ನು ಕಾಲು ಸುತ್ತಿಗೂ ಕಡಿಮೆ ತಿರುಗಿಸಿದರು. "ಈಗ ಎತ್ತಿ." ಎರಡು ಗೆರೆಯೂ ಏಳಲಿಲ್ಲ. ಹಳೆಯ ಕಂಚಿನ ಬುಷ್ಷಿನ ಸುಖ ಇದು. ಬಾಲ್ ಬೇರಿಂಗಿನದಾಗಿದ್ದರೆ ಕುಮಟಾದ ಅಂಗಡಿಗೆ ಮತ್ತೆ ಹೋಗಬೇಕಾಗುತ್ತಿತ್ತು.

ವೇಗ ತಗ್ಗಿಸುವ ಬ್ಯಾಕ್ ಗಿಯರಿನ ಹಲ್ಲುಗಳನ್ನು ಒಂದೊಂದಾಗಿ ನೋಡಿದೆ. ಒಂದು ಹಲ್ಲು ಹಳದಿ. ಮುರಿದ ಜಾಗಕ್ಕೆ ಹಿತ್ತಾಳೆ ಕರಗಿಸಿ ತುಂಬಿ, ಅರದಿಂದ ತಿದ್ದಿ ಕೂರಿಸಿದ್ದರು. ಬಂಗಾರದ ಹಲ್ಲು ಕಟ್ಟಿಸಿಕೊಂಡ ಶಾನುಭೋಗರ ಹಾಗೆ ಕಾಣುತ್ತಿತ್ತು. ಲೇತಿನಲ್ಲಿ ಹಲ್ಲು ಹೋಗುವುದು ಸಾಮಾನ್ಯವಾಗಿ ಒಂದೇ ಪಾಪಕ್ಕೆ: ಚಕ್ ಬಿಚ್ಚಲು ಬಾರದಿದ್ದಾಗ ಬ್ಯಾಕ್ ಗಿಯರ್ ಕಚ್ಚಿಸಿ, ಸ್ಪಿಂಡಲ್ ಅಲುಗದಂತೆ ಮಾಡಿ, ಸುತ್ತಿಗೆಯಿಂದ ಹೊಡೆಯುವುದು. ಕೇಳಿದೆ. "ಕೆಲಸಕ್ಕಿದ್ದ ಹುಡುಗ. ಈಗ ಗೋವಾದಲ್ಲಿ ದೊಡ್ಡ ಫೋರ್‌ಮನ್" ಎಂದರು. ದೋಷವನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ಹುಬ್ಬಳ್ಳಿಯ ಹಸಿರು ಬಣ್ಣಕ್ಕಿಂತ ಈ ಹಳದಿ ಹಲ್ಲು ಮೇಲು.

ಕೊನೆಗೆ ನಾನೇ ಒಯ್ದಿದ್ದ 25 ಮಿಲಿಮೀಟರಿನ ರಾಡನ್ನು ಕಟ್ಟಿ, ನಾಲ್ಕು ಇಂಚು ಉದ್ದಕ್ಕೆ ತೆಳ್ಳಗೆ ಸುಲಿಸಿದೆ. ಎರಡೂ ತುದಿಗೆ ಮೈಕ್ರೋಮೀಟರ್ ಹಿಡಿದು ದಪ್ಪ ಅಳೆದರೆ ವ್ಯತ್ಯಾಸ 0.03 ಮಿಲಿಮೀಟರ್. ಅಡಿಕೆ ಸುಲಿಯುವ ಯಂತ್ರಕ್ಕೆ ಇದಕ್ಕಿಂತ ಸೂಕ್ಷ್ಮ ಬೇಡ.

ಅವರು ಹೇಳಿದ ಬೆಲೆ ನಲವತ್ತೈದು ಸಾವಿರ. ಕುಮಟಾದ ಗುಜರಿಯವರು ಕಿಲೋಗೆ ಮೂವತ್ತರಂತೆ ಕೇಳಿದ್ದರಂತೆ, ಅಂದರೆ ಹದಿಮೂರೂವರೆ ಸಾವಿರ. ಈ ಎರಡು ಅಂಕಿಗಳ ನಡುವೆ ಎಲ್ಲೋ ನಮ್ಮಿಬ್ಬರ ಮರ್ಯಾದೆ ಉಳಿಯಬೇಕಿತ್ತು. ನಾನು ಇಪ್ಪತ್ತೈದು ಎಂದೆ. ಅವರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹೊರಗೆ ಮೀನು ಒಣಗಿಸುವ ಹೆಂಗಸರು ಕಾಗೆಯನ್ನು ಬೈಯುವುದು ಕೇಳಿಸುತ್ತಿತ್ತು. ಕೊನೆಗೆ ಮೂವತ್ತೊಂದಕ್ಕೆ ಬಂದು ನಿಂತೆವು. ಆ ಒಂದು ಸಾವಿರ ಯಾಕೆ ಎಂದರೆ, "ಮೂವತ್ತು ಎಂದರೆ ಪೂರ್ತಿ ಆದ ಹಾಗೆ, ಶುಭ ಅಲ್ಲ" ಎಂದರು.

ನಾನು ನಿಜವಾಗಿ ಬಂದದ್ದು ಮುಂದಿನ ಪ್ರಶ್ನೆಗೆ. "ಡಬ್ಬಿಯ ಸಮೇತ ಕೊಡುತ್ತೀರಾ?"

ಹಳೆ ಯಂತ್ರ ಕೊಳ್ಳುವವರು ಯಂತ್ರದ ಬೆಲೆಗೆ ಒಂದು ಗಂಟೆ ಜಗ್ಗಾಡಿ, ಡಬ್ಬಿಯನ್ನು ಮರೆತು ಬರುತ್ತಾರೆ. ಪ್ರತಿ ಲೇತಿನ ಕಾಲ ಬುಡದಲ್ಲಿ, ಗೋಡೆಯ ಗೂಡಿನಲ್ಲಿ ಎಣ್ಣೆಡಬ್ಬ, ಬಿಸ್ಕತ್ ಡಬ್ಬ, ಮೀನಿನ ಪೆಟ್ಟಿಗೆಗಳು ಇದ್ದೇ ಇರುತ್ತವೆ. ಮಾರುವವರಿಗೆ ಅದು ಕಸ. ಆಚಾರಿಯವರ ಡಬ್ಬಿಗಳಿಂದ ಬಂದದ್ದು: ನಾಲ್ಕು ದವಡೆಯ ಚಕ್, ಫೇಸ್ ಪ್ಲೇಟ್, ಬಾಲಕ್ಕೆ ಹಾಕುವ ಡ್ರಿಲ್ ಚಕ್, ಟೇಪರ್ ಸ್ಲೀವ್ ಮೂರು, ಬೋರಿಂಗ್ ಬಾರ್ ಎರಡು, ಅವರೇ ಸಾಣೆ ಹಿಡಿದ ಎಚ್‌ಎಸ್‌ಎಸ್ ಎಂಬ ಗಟ್ಟಿ ಉಕ್ಕಿನ ಬಿಟ್ಟುಗಳು ಒಂದು ಬೊಗಸೆ, ಚಿಂದಿಯಲ್ಲಿ ಸುತ್ತಿದ ರೀಮರ್ ಒಂದು, ಥ್ರೆಡ್, ಅಂದರೆ ಬೋಲ್ಟಿನ ಮೈಯ ತಿರುಪು, ತೆಗೆಯುವಾಗ ಬದಲಿಸುವ ಗಿಯರ್ ಒಂಬತ್ತು. ಇಷ್ಟನ್ನು ಹೊಸದಾಗಿ ಕೊಂಡಿದ್ದರೆ ನಾನು ಲೇತಿಗೆ ಕೊಟ್ಟಷ್ಟೇ ಮತ್ತೆ ಕೊಡಬೇಕಾಗುತ್ತಿತ್ತು. ಅವರು ಕೈ ಬೀಸಿ, "ಒಯ್ಯಿರಿ, ಜಾಗ ಖಾಲಿಯಾಗಲಿ" ಎಂದರು.

ಗಿಯರುಗಳನ್ನು ಎಣಿಸುತ್ತ ಮುಚ್ಚಳದ ಒಳಗಿನ ತಗಡಿನ ಪಟ್ಟಿ ಓದಿದೆ. ಅದರಲ್ಲಿ 127 ಎಂಬ ಅಂಕಿ ಅಲ್ಲಲ್ಲಿ ಇತ್ತು. ಡಬ್ಬಿಯಲ್ಲಿ ಅಷ್ಟು ದೊಡ್ಡ ಚಕ್ರ ಇರಲಿಲ್ಲ. ಇದು ಇಂಚಿನ ಲೇತ್. ಥ್ರೆಡ್ ತೆಗೆಯುವಾಗ ಸ್ಯಾಡಲ್ಲನ್ನು ಎಳೆಯುವ ಅದರ ಉದ್ದ ಸ್ಕ್ರೂವಿಗೆ ಇಂಚಿಗೆ ನಾಲ್ಕು ಸುತ್ತು. ಇಂಚಿನ ಥ್ರೆಡ್ ಎಷ್ಟು ಬೇಕಾದರೂ ತೆಗೆಯುತ್ತದೆ. ಮಿಲಿಮೀಟರಿನ ಥ್ರೆಡ್ ಬೇಕೆಂದರೆ ಇಂಚನ್ನು ಮಿಲಿಮೀಟರಿಗೆ ಇಳಿಸುವ ದ್ವಿಭಾಷಿಯೊಬ್ಬ ನಡುವೆ ಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್. 25.4 ಹಲ್ಲಿನ ಗಿಯರ್ ಮಾಡಲಾಗುವುದಿಲ್ಲ, ಅದಕ್ಕಾಗಿ ಐದರಿಂದ ಗುಣಿಸಿ 127 ಹಲ್ಲು. ಆ ಚಕ್ರ ಇಲ್ಲದಿದ್ದರೆ ಇಂದಿನ ಯಾವ ಪಂಪಿನ, ಯಾವ ಕಳೆ ಕೊಚ್ಚುವ ಯಂತ್ರದ ನಟ್ಟೂ ನನ್ನ ಲೇತಿಗೆ ಒಗ್ಗುವುದಿಲ್ಲ.

ಆಚಾರಿಯವರು ನೆನಪು ಮಾಡಿಕೊಂಡರು. "ದೊಡ್ಡದೊಂದು ಇತ್ತು. ಬೋಟಿನ ಶಾಫ್ಟಿಗೆ ಇಂಚಿನ ಥ್ರೆಡ್ಡೇ ಆಗುತ್ತಿತ್ತು, ಅದನ್ನು ಒಮ್ಮೆಯೂ ಹಾಕಿದ್ದಿಲ್ಲ. ಎಲ್ಲಿ ಹೋಯಿತೋ."

ಚಹಾ ಕುಡಿಯಲು ದಕ್ಕೆಯ ಕಡೆಗೆ ಹೊರಟೆವು. ಇಳಿತದ ಹೊತ್ತು. ಅಘನಾಶಿನಿ ಹಿಂದೆ ಸರಿದು ಕೆಸರು ಬಿಚ್ಚಿಕೊಂಡಿತ್ತು, ದೂರದಲ್ಲಿ ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. ದಂಡೆಯ ಹತ್ತಿರ ಒಂದು ಪಾತಿ ದೋಣಿ ವಾಲಿಕೊಂಡು ನಿಂತಿತ್ತು. ಅದರ ಹಗ್ಗ ಕೆಸರಿನ ಮೇಲೆ ಹರಿದು, ಒಂದು ದುಂಡನೆಯ ವಸ್ತುವಿನ ನಡುವಿನ ತೂತಿನಲ್ಲಿ ಗಂಟು ಬಿದ್ದಿತ್ತು. ನಾನು ಚಪ್ಪಲಿ ಬಿಟ್ಟು ಇಳಿದೆ. ಮೊಣಕಾಲವರೆಗೆ ಕೆಸರು. ಎತ್ತಿದರೆ ಆರೇಳು ಕಿಲೋ ಭಾರ, ಅಂಚಿಗೆ ಸಣ್ಣ ಸಣ್ಣ ಚಿಪ್ಪುಗಳು ಅಂಟಿಕೊಂಡಿವೆ, ಚಿಪ್ಪಿನ ನಡುವೆ ಹಲ್ಲು.

ಎಣಿಸಿದೆ. ಮೊದಲ ಸಲ 126 ಬಂತು. ಎರಡನೆಯ ಸಲ 128. ಆಚಾರಿಯವರು ಶೆಡ್ಡಿನಿಂದ ಸೀಮೆಸುಣ್ಣ ತರಿಸಿ, ಹತ್ತು ಹಲ್ಲಿಗೊಂದು ಗೆರೆ ಎಳೆಯುತ್ತ ಬಂದರು. ಹನ್ನೆರಡು ಗೆರೆ, ಉಳಿದದ್ದು ಏಳು. ಸುತ್ತ ನಿಂತಿದ್ದ ನಾಲ್ಕೈದು ಜನರಿಗೆ ಏನು ಸಂಭ್ರಮವೆಂದು ತಿಳಿಯಲಿಲ್ಲ. ಒಬ್ಬ ಹುಡುಗ ಮೊಬೈಲಿನಲ್ಲಿ ಚಿತ್ರ ತೆಗೆದ.

ದೋಣಿ ಆಚಾರಿಯವರ ತಂಗಿಯ ಮಗನದು. "ಮಾವ, ನೀವೇ ಅಲ್ಲವೇ ಐದು ವರ್ಷದ ಹಿಂದೆ ಕೊಟ್ಟದ್ದು?" ಎಂದ. ದೋಣಿಯ ಲಂಗರನ್ನು ಸುಮ್ಮನೆ ಬಿಟ್ಟುಕೊಡಲು ಅವನೇನು ದಡ್ಡನೇ? ಅಲ್ಲಿಯೇ ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ನಾಲ್ಕು ಕೊಕ್ಕೆಯ ಹೊಸ ಲಂಗರು ಕೊಡಿಸಿ ಗಿಯರ್ ಬಿಡಿಸಿಕೊಂಡೆ. ಹೊಸ ಲಂಗರು ಕೆಸರನ್ನು ಚೆನ್ನಾಗಿ ಹಿಡಿಯುತ್ತದೆ ಎಂದು ಆಮೇಲೆ ಎರಡು ಸಲ ಫೋನ್ ಮಾಡಿ ಹೇಳಿದ್ದಾನೆ.

ಮನೆಗೆ ಬಂದು ಆಯಿಗೆ "ಗೇರ್ ಸಿಕ್ಕಿತು" ಎಂದೆ. "ಈ ಸೆಪ್ಟೆಂಬರಿನಲ್ಲಿ ಎಲ್ಲಿಯ ಗೇರು? ಹುಳ ಹಿಡಿದಿದ್ದೀತು, ಬಿಸಿಲಿಗೆ ಹಾಕು" ಎಂದಳು. ಬಿಸಿಲಿಗೆ ಹಾಕಲಿಲ್ಲ, ಹುಳಿಗೆ ಹಾಕಿದೆ. ಮುರುಗಲಿನ ಹಳೆ ಸಿಪ್ಪೆ ಒಂದು ಸೇರಿನಷ್ಟು ಇತ್ತು. ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರಿಗೆ ಹಾಕಿ ಗಿಯರನ್ನು ಎರಡು ದಿನ ಮುಳುಗಿಸಿಟ್ಟೆ. ತುಕ್ಕು ಕಪ್ಪು ರಾಡಿಯಾಗಿ ಬಿಟ್ಟಿತು. ತೆಂಗಿನ ನಾರಿನಿಂದ ತಿಕ್ಕಿ, ಸೋಡಾಪುಡಿಯ ನೀರಿನಲ್ಲಿ ತೊಳೆದು, ಒಲೆಯ ಪಕ್ಕ ಒಣಗಿಸಿ ಕೂಡಲೇ ಎಣ್ಣೆ ಹಚ್ಚಿದೆ. ಕೂಡಲೇ ಹಚ್ಚದಿದ್ದರೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಹಲ್ಲುಗಳ ಮೈ ಸಿಡುಬಿನ ಕಲೆಯ ಹಾಗಿದೆ, ಓಡುವಾಗ ಗೊಣಗುತ್ತದೆ, ಥ್ರೆಡ್ ಮಾತ್ರ ಸರಿಯಾಗಿ ಬರುತ್ತದೆ. ಬೆಡ್ಡು, ಸ್ಪಿಂಡಲ್ಲಿನಂಥ ನಯವಾದ ಭಾಗಗಳಿಗೆ ಈ ಹುಳಿಯ ಔಷಧ ಬೇಡ, ಹೊಳಪು ಹೋಗುತ್ತದೆ. ಅಲ್ಲಿಗೆ ಸೀಮೆಎಣ್ಣೆ ಮತ್ತು ತಾಳ್ಮೆ.

ಸಾಗಣೆಯ ಕತೆಯನ್ನು ಉದ್ದ ಮಾಡುವುದಿಲ್ಲ. ತದಡಿಯಲ್ಲಿ ಬೋಟಿನ ಎಂಜಿನ್ ಎತ್ತುವ ಚೈನ್ ಪುಲ್ಲಿ ಶೆಡ್ಡಿನ ತೊಲೆಯಲ್ಲಿಯೇ ಇತ್ತು, ಪಿಕಪ್ ಅಡಿಗೆ ಬಂತು, ಲೇತ್ ಮೇಲಿನಿಂದ ಇಳಿಯಿತು. ಲೇತಿನ ಭಾರವೆಲ್ಲ ತಲೆಯ ಕಡೆಗೆ. ಹಗ್ಗವನ್ನು ನಡುವೆ ಕಟ್ಟಿದರೆ ಮೂಗು ಮುಗ್ಗರಿಸುತ್ತದೆ, ಆದ್ದರಿಂದ ಸ್ಯಾಡಲ್ಲನ್ನೂ ಬಾಲವನ್ನೂ ಆಚೆ ತುದಿಗೆ ಸರಿಸಿ ಬಿಗಿ ಮಾಡಿ, ಹಗ್ಗವನ್ನು ತಲೆಯ ಹತ್ತಿರಕ್ಕೆ ತರಬೇಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ನಾನು ಪಿಕಪ್ಪಿನ ಹಿಂದೆ ಬೈಕಿನಲ್ಲಿ ಬರುತ್ತ ಎಷ್ಟು ದೇವರಿಗೆ ಹರಕೆ ಹೊತ್ತೆನೋ, ಅವನ್ನೆಲ್ಲ ತೀರಿಸಿದ್ದರೆ ಇನ್ನೊಂದು ಲೇತಿನ ದುಡ್ಡಾಗುತ್ತಿತ್ತು. ಮನೆಯ ಸಂಕ ಬೇಡವೆಂದು ಮೇಲಿನ ಗದ್ದೆಯ ದಾರಿಯಲ್ಲಿ ಇಳಿಸಿ, ಅಡ್ಡಲಾಗಿ ಜಿಐ ಪೈಪ್ ಹಾಸುತ್ತ, ಕೇರಿಯ ಏಳು ಜನ ಸೇರಿ ಕೊಟ್ಟಿಗೆಗೆ ಉರುಳಿಸಿದೆವು. ಆಕಳು ಎರಡು ದಿನ ಹಾಲು ಕಡಿಮೆ ಕೊಟ್ಟವು.

ವಿದ್ಯುತ್ತಿನ ವಿಷಯ ಮಾತ್ರ ಬರೆಯಲೇಬೇಕು, ಏಕೆಂದರೆ ಹಳೆ ಯಂತ್ರ ಅಗ್ಗಕ್ಕೆ ಸಿಗುವ ದೊಡ್ಡ ಕಾರಣವೇ ಅದು. ಮೋಟಾರ್ ಒಂದು ಎಚ್‌ಪಿ, ತ್ರೀ ಫೇಸ್, 415 ವೋಲ್ಟ್. ಮನೆಗೆ ಬರುವುದು ಸಿಂಗಲ್ ಫೇಸ್ 230. ತೋಟದ ಪಂಪಿಗೆ ಕೊಟ್ಟ ತ್ರೀ ಫೇಸ್ ಲೈನು ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ, ಆದರೆ ಅದು ನೀರೆತ್ತಲು ಕೊಟ್ಟದ್ದು, ಕಬ್ಬಿಣ ಸುಲಿಯಲು ಅಲ್ಲ. ಮೇಲಾಗಿ ಅದು ಬರುವ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತೇನೆ. ಮೋಟಾರ್ ಬದಲಿಸಿ ಎಂದವರೇ ಹೆಚ್ಚು. ನಾನು ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ತ್ರೀ ಫೇಸ್ ಕೊಡುವ ವಿಎಫ್‌ಡಿ ಡ್ರೈವ್ ತರಿಸಿದೆ. ಮೋಟಾರನ್ನು ಶಿರಸಿಯ ರಿವೈಂಡಿಂಗ್ ಅಂಗಡಿಗೆ ಒಯ್ದು, ಒಳಗೆ ಸ್ಟಾರ್ ಆಗಿ ಗಂಟು ಹಾಕಿದ್ದ ತುದಿಗಳನ್ನು ಬಿಡಿಸಿ ಆರು ವಯರ್ ಹೊರಗೆ ತೆಗೆಸಿ ಡೆಲ್ಟಾ ಮಾಡಿಸಿದೆ. ಸ್ಟಾರಿನಲ್ಲಿಯೂ ಒಂದೊಂದು ಸುರುಳಿಗೆ ಬೀಳುತ್ತಿದ್ದದ್ದು 240 ವೋಲ್ಟೇ, ಹಾಗಾಗಿ ಮೋಟಾರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮೇಲೆ ಒಂದು ಲಾಭ: ಗುಂಡಿ ತಿರುಗಿಸಿದರೆ ವೇಗ ಹೆಚ್ಚುಕಡಿಮೆಯಾಗುತ್ತದೆ, ಬೆಲ್ಟ್ ಬದಲಿಸುವ ಸೋಮಾರಿತನಕ್ಕೆ ಅನುಕೂಲ.

ಲೆಕ್ಕ ಕೇಳುವವರಿಗೆ: ಲೇತ್ 31,000, ಗಿಯರಿನ ಲಂಗರು 850, ಪಿಕಪ್ಪು, ಆಳು, ಅವಲಕ್ಕಿ, ಚಹಾ ಸೇರಿ 7,400, ಆರು ಇಂಚು ದಪ್ಪದ ಕಾಂಕ್ರೀಟ್ ನೆಲಕ್ಕೆ 11,000, ಡ್ರೈವ್ ಮತ್ತು ರಿವೈಂಡಿಂಗಿಗೆ 14,000, ಬೆಲ್ಟ್ ಇತ್ಯಾದಿ 2,200. ಒಟ್ಟು 66,450. ಮನೆಯಲ್ಲಿ ಹೇಳಿದ್ದು ಮೊದಲನೆಯ ಅಂಕಿ ಮಾತ್ರ. ಈ ಬರಹ ಓದುವವರು ನಮ್ಮ ಮನೆಗೆ ಬಂದರೆ ದಯವಿಟ್ಟು ನೆನಪಿಡಿ.

ನಮ್ಮ ಕಡೆಯ ಮಳೆಗಾಲದಲ್ಲಿ ಎರಕದ ಕಬ್ಬಿಣವೂ ಬೆವರುತ್ತದೆ. ಮೊದಲ ವರ್ಷ ಜಾಣತನ ಮಾಡಿ ಪ್ಲಾಸ್ಟಿಕ್ ಹೊದಿಸಿದೆ. ಒಳಗೆ ನೀರು ಹನಿಗಟ್ಟಿ ಬೆಡ್ಡಿನ ಮೇಲೆ ಕಿತ್ತಳೆ ಬಣ್ಣದ ನಕ್ಷೆ ಮೂಡಿತು. ಈಗ ಎಣ್ಣೆ ಹಚ್ಚಿ, ಹಳೆ ಹತ್ತಿ ಹಚ್ಚಡ ಹೊದಿಸಿ, ಅಡಿಗೆ ಅರವತ್ತು ವ್ಯಾಟಿನ ಹಳೆ ಮಾದರಿಯ ಬಲ್ಬ್ ಉರಿಸುತ್ತೇನೆ. ಬೆಕ್ಕು ಅಲ್ಲಿಯೇ ಮರಿ ಹಾಕಿದೆ.

ಕಳೆದ ಜಾತ್ರೆಗೆ ಆಚಾರಿಯವರು ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಲು ಶಿರಸಿಗೆ ಬಂದವರು ನಮ್ಮ ಮನೆಗೂ ಬಂದಿದ್ದರು. ಊಟವಾದ ಮೇಲೆ ಕೊಟ್ಟಿಗೆಗೆ ಹೋಗಿ ಲೇತ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಬೆಲ್ಟ್ ಬಿಗಿಯಾಯಿತು" ಎಂದರು, ಅಷ್ಟೇ. ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ನೆನಪಾದವರಂತೆ ತಿರುಗಿದರು. "ಸ್ಟೆಡಿ ರೆಸ್ಟ್ ನಿಮಗೆ ಕೊಟ್ಟೆನೇ?" ಕೊಟ್ಟಿರಲಿಲ್ಲ. ಉದ್ದದ ಕೆಲಸವನ್ನು ನಡುವೆ ಆನಿಸಿ ಹಿಡಿಯುವ ಅದು ಇಲ್ಲದೆ ನಾನು ಎರಡಡಿಯ ರಾಡಿಗೆ ಕೈ ಹಾಕುವಂತಿಲ್ಲ. ಅಂಕೋಲೆಯ ಯಾವುದೋ ವರ್ಕ್‌ಶಾಪಿನವರು ಎರವಲು ಒಯ್ದಿದ್ದರಂತೆ, ಯಾರೆಂದು ನೆನಪಿಲ್ಲ, ಇಪ್ಪತ್ತು ವರ್ಷವಾಗಿರಬಹುದು.

ಎರಕದ ಕಬ್ಬಿಣದ ಬಳೆ, ಅಂಗೈಗಿಂತ ಸ್ವಲ್ಪ ಅಗಲ. ಒಂದು ಕಡೆ ಕೀಲು ಇದ್ದು ಅರ್ಧಕ್ಕೆ ತೆರೆಯುತ್ತದೆ. ಒಳಗೆ ಮೂರು ದಿಕ್ಕಿನಿಂದ ಮೂರು ಬೆರಳು ಚಾಚಿಕೊಂಡಿರುತ್ತವೆ. ಪಾದದ ಅಡಿಯಲ್ಲಿ ವಿ ಆಕಾರದ ಕಚ್ಚು. ಅಂಕೋಲಾ, ಬೇಲೆಕೇರಿ, ಕಾರವಾರದ ಕಡೆಯವರು ಒಮ್ಮೆ ಸುತ್ತ ನೋಡಿ. ವರ್ಕ್‌ಶಾಪಿನಲ್ಲಿಯೇ ಇರಬೇಕೆಂದಿಲ್ಲ. ದೋಣಿಯ ಹಗ್ಗದ ತುದಿಗೆ, ಬಾವಿಯ ರಾಟೆಯ ಪಕ್ಕ, ಕರು ಕಟ್ಟುವ ಗೂಟಕ್ಕೆ, ಗೇಟಿಗೆ ಆನಿಸಿದ ಕಲ್ಲಿನ ಜಾಗದಲ್ಲಿ, ಎಲ್ಲಿಯಾದರೂ ಇದ್ದೀತು. ಬದಲಿಗೆ ಏನು ಬೇಕೋ ಅದನ್ನು ಕೊಡಿಸುತ್ತೇನೆ.